ಹೆಬ್ಬೆರಳಿನಡಿಯ ಪದಗಳು

ಆ ತಾಂತ್ರಿಕ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳಿಗೆ ‘ಆಮೇಲೆ ಮೇಡಂ’ ಎಂಬ ಹೆಸರು ಬಂದದ್ದು ಅವಳ ಬಾಯಿಂದಲೇ. ತಡವಾಗಿ ಬಂದ ವಿದ್ಯಾರ್ಥಿ ಬಾಗಿಲಲ್ಲಿ ನಿಂತು ಬಸ್ಸು ಕೆಟ್ಟುಹೋಯಿತೆಂದು ತೊದಲಿದರೆ ಅವಳು ಬೈಯುತ್ತಿರಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, ಕೈಕಟ್ಟಿ ನಿಂತು, "ಆಮೇಲೆ?" ಎನ್ನುತ್ತಿದ್ದಳು. ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರಬೇಕು. ಡ್ರೈವರ್ ಇಳಿದ ಎಂದರೆ ಮತ್ತೆ, "ಆಮೇಲೆ?" ಹೀಗೆ ಟಯರಿನಿಂದ ಶುರು ಮಾಡಿದ ಒಬ್ಬ, ಕಂಡಕ್ಟರನ ಹೆಂಡತಿಗೆ ಅದೇ ಬಸ್ಸಿನಲ್ಲಿ ಹೆರಿಗೆ ಮಾಡಿಸುವ ತನಕ ಹೋಗಿ, ಬೆವರೊರೆಸಿಕೊಂಡು, ಚಪ್ಪಾಳೆಗಳ ನಡುವೆ ಕೂತಿದ್ದ. ಅಷ್ಟೂ ಹಸಿ ಸುಳ್ಳೆಂದು ಗೋಡೆಗೂ ಗೊತ್ತಿತ್ತು. ಆದರೂ ಹಾಜರಿ ಸಿಕ್ಕಿತು.

ಅವಳ ತರಗತಿಯ ಕೆಳಗೇ ವರ್ಕ್‌ಶಾಪ್. ಕಬ್ಬಿಣ ಉಜ್ಜುವ ಯಂತ್ರ ಶುರುವಾದರೆ ಕಿಟಕಿಯ ಗಾಜು ನಡುಗುತ್ತಿತ್ತು. ಆ ಸದ್ದಿನ ಮೇಲೆ ಸದ್ದು ಮಾಡಿ ಪಾಠ ಹೇಳಿ ಹೇಳಿ ಅವಳ ಗಂಟಲು ಮನೆಯಲ್ಲೂ ಇಳಿಯುತ್ತಿರಲಿಲ್ಲ. "ಉಪ್ಪು ಕೊಡು ಅನ್ನೋಕೂ ಭಾಷಣ ಮಾಡ್ತೀಯಲ್ಲೇ" ಎಂದು ಅತ್ತೆ ಕಾಲೆಳೆಯುತ್ತಿದ್ದರು. ಗಂಡ ಫ್ರಿಜ್ ರಿಪೇರಿ ಮಾಡುವವನು, ಮಾತು ಕಡಿಮೆ. ನಲವತ್ತು ದಾಟಿದ ಮೇಲೆ ಹೆಂಡತಿ ಪಿಎಚ್‌ಡಿ ಮಾಡುತ್ತೇನೆಂದಾಗಲೂ ಅವನು ಹೇಳಿದ್ದು ಇಷ್ಟೇ: "ಮಾಡು. ಊಟದ ಮೇಜು ಪೂರ್ತಿ ತಗೋಬೇಡ, ಅರ್ಧ ಬಿಡು." ಅವಳು ಪೂರ್ತಿ ತೆಗೆದುಕೊಂಡಳು. ಮನೆಯವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ರೂಢಿಸಿಕೊಂಡರು.

ಕಾಲೇಜಿನಲ್ಲಿ ಇಂಗ್ಲಿಷಿಗೆ ಇನ್ನೊಬ್ಬರಿದ್ದರು. ವಯಸ್ಸಿನಲ್ಲಿ ಹಿರಿಯರು, ಇಸ್ತ್ರಿ ಮುರಿಯದ ಅಂಗಿ, ಎದೆಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಬರೆಸುವಾಗ ಪ್ರತಿ ವಾಕ್ಯದ ಕೊನೆಯಲ್ಲೂ ಬೆರಳಿನಿಂದ ಮೇಜು ಕುಟ್ಟಿ "ಫುಲ್‌ಸ್ಟಾಪ್!" ಎನ್ನುತ್ತಿದ್ದರಿಂದ ಅದೇ ಅವರ ಹೆಸರಾಗಿತ್ತು. ಫುಲ್‌ಸ್ಟಾಪ್ ಮೇಷ್ಟ್ರ ಪ್ರಕಾರ ಇಂಗ್ಲಿಷ್ ಒಂದು ಯಂತ್ರ. ಬಿಚ್ಚಿ, ಒರೆಸಿ, ಮತ್ತೆ ಜೋಡಿಸಲು ಬಂದರೆ ಮುಗಿಯಿತು. ಬಿಟ್ಟ ಸ್ಥಳ ತುಂಬಿಸುವುದು, ಕಾಲ ಬದಲಿಸುವುದು, ತಪ್ಪು ತಿದ್ದುವುದು. ಅವರ ಹುಡುಗರು ಪಾಸಾಗುತ್ತಿದ್ದರು, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಪಾಸಾದ ಮೇಲೆ ಇಂಗ್ಲಿಷಿನ ಸಹವಾಸ ಬಿಡುತ್ತಿದ್ದರು, ಅದನ್ನೂ ಅಲ್ಲಗಳೆಯುವಂತಿರಲಿಲ್ಲ.

ಆ ವರ್ಷ ಪಠ್ಯಕ್ರಮದ ಸಮಿತಿಯಿಂದ ಒಂದು ಸುದ್ದಿ ಬಂತು. ಮುಂದಿನ ವರ್ಷದಿಂದ ಇಂಗ್ಲಿಷ್ ಪಠ್ಯದಲ್ಲಿ ಕಥೆ, ಕವಿತೆ, ನಾಟಕ ಯಾವುದೂ ಇರುವುದಿಲ್ಲ. ಅರ್ಜಿ ಬರೆಯುವುದು, ವರದಿ ಬರೆಯುವುದು, ಸಂದರ್ಶನದಲ್ಲಿ ಮಾತಾಡುವುದು, ಅಷ್ಟೇ ಸಾಕು. ಪ್ರಾಂಶುಪಾಲರ ಕೋಣೆಯಲ್ಲಿ ಆಮೇಲೆ ಮೇಡಂ ಕುರ್ಚಿಯಲ್ಲಿ ಕೂರಲೇ ಇಲ್ಲ.

"ಕಥೆ ಓದದೆ ಭಾಷೆ ಹೇಗೆ ಬರುತ್ತೆ ಸಾರ್?"

"ಕಥೆ ಓದಿ ಮೋಟರ್ ಹೇಗೆ ತಿರುಗುತ್ತೆ ಮೇಡಂ?" ಎಂದರು ಪ್ರಾಂಶುಪಾಲರು. "ನನ್ನ ಮೇಲೆ ಕೂಗಬೇಡಿ. ಸಮಿತಿಯವರು ಅಂಕಿಅಂಶ ಕೇಳೋ ಜನ. ಹೇಗೂ ಸಂಶೋಧನೆ ಮಾಡ್ತಿದ್ದೀರಲ್ಲ, ಅಂಕಿಅಂಶದಲ್ಲಿ ತೋರಿಸಿ. ವರ್ಷದ ಕೊನೆಗೆ ಸಭೆ ಇದೆ."

ಅವಳು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಸ್ಟಾಫ್ ರೂಮಿಗೆ ನುಗ್ಗಿದಳು. ಫುಲ್‌ಸ್ಟಾಪ್ ಮೇಷ್ಟ್ರು ಚಹಾ ಆರಿಸುತ್ತಿದ್ದರು.

"ಮೇಷ್ಟ್ರೇ, ಒಂದು ಪಂದ್ಯ."

"ನಾನು ಪಂದ್ಯ ಕಟ್ಟಲ್ಲ."

"ಇದು ವೈಜ್ಞಾನಿಕ ಪಂದ್ಯ. ಎ ವಿಭಾಗಕ್ಕೆ ನಾನು, ಬಿ ವಿಭಾಗಕ್ಕೆ ನೀವು. ನಾನು ಒಂದು ಇಂಗ್ಲಿಷ್ ಕಾದಂಬರಿ ಓದಿಸ್ತೀನಿ, ಬೇರೇನೂ ಇಲ್ಲ. ನೀವು ನಿಮ್ಮ ಅಭ್ಯಾಸಗಳನ್ನೇ ಮಾಡಿಸಿ. ಶುರುವಲ್ಲಿ ಒಂದು ಪರೀಕ್ಷೆ, ನಡುವೆ ಒಂದು, ಕೊನೆಗೆ ಒಂದು. ಪೇಪರ್ ತಿದ್ದೋರು ಬೇರೆ ಕಾಲೇಜಿನವರು."

ಮೇಷ್ಟ್ರು ಚಹಾ ಕೆಳಗಿಟ್ಟರು. ಕಣ್ಣಿನಲ್ಲಿ ಒಂದು ಮಿಂಚು ಹೊಳೆದು ಹೋಯಿತು. "ಸೋತ್ರೆ ಅಳಬಾರದು ಮೇಡಂ. ಫುಲ್‌ಸ್ಟಾಪ್."

ಅವಳ ಸಂಶೋಧನೆಯ ಮಾರ್ಗದರ್ಶಕಿ ವಿಶ್ವವಿದ್ಯಾಲಯದ ಪ್ರೊಫೆಸರಮ್ಮ. ಎಂಥವರ ಬೆವರನ್ನೂ ಇಳಿಸುವ ಹೆಂಗಸು. ಯೋಜನೆ ಕೇಳಿ ಅವರು ಹೇಳಿದ ಷರತ್ತು ಒಂದೇ: "ಎರಡು ವಿಭಾಗದ ನಡುವೆ ಗೋಡೆ ಇರಬೇಕಮ್ಮ. ಎ ವಿಭಾಗದ ಪುಸ್ತಕದ ಗಾಳಿ ಕೂಡ ಬಿ ವಿಭಾಗಕ್ಕೆ ತಾಗಬಾರದು. ತಾಗಿದ ದಿನ ನಿನ್ನ ಪ್ರಯೋಗ ಸತ್ತಹಾಗೆ."

ಕಾದಂಬರಿ ಗ್ರಂಥಾಲಯದಲ್ಲೇ ಸಿಕ್ಕಿತು. ಯಾವ ಕಾಲದಲ್ಲೋ ಯಾರೋ ತರಿಸಿ, ಕಟ್ಟನ್ನೂ ಬಿಚ್ಚದೆ ಮೂಲೆಗೆ ಎಸೆದಿದ್ದ ಪುಸ್ತಕಗಳು; ಬರೆದವನ ಹೆಸರು ಅವಳೂ ಕೇಳಿರಲಿಲ್ಲ. ಸರಕು ಸಾಗಿಸುವ ಒಂದು ಪುಟ್ಟ ಹಡಗು. ಅದರ ಅಡುಗೆಯವನು ಪ್ರತಿದಿನ ಎತ್ತಿಟ್ಟ ಊಟದಲ್ಲಿ ಒಬ್ಬರ ಪಾಲು ಕಡಿಮೆಯಾಗುತ್ತದೆ. ಹಡಗಿನಲ್ಲಿ ಲೆಕ್ಕಕ್ಕೆ ಸಿಗದ ಒಂದು ಜೀವ ಇದೆ ಎಂದು ಅವನು ಹೇಳಿದರೆ ಕ್ಯಾಪ್ಟನ್ ನಂಬುವುದಿಲ್ಲ. ಕದ್ದು ತಿನ್ನುವವನು ನೀನೇ ಎನ್ನುತ್ತಾನೆ. ಪುಸ್ತಕ ತೆಳ್ಳಗಿತ್ತು, ಇಂಗ್ಲಿಷ್ ಸರಳವಾಗಿತ್ತು, ಪ್ರತಿ ಅಧ್ಯಾಯವೂ ಬಾಗಿಲಲ್ಲಿ ಕಾಲಿಟ್ಟ ಹಾಗೆ ಅರ್ಧಕ್ಕೆ ನಿಲ್ಲುತ್ತಿತ್ತು.

ಎ ವಿಭಾಗದವರು ಮೊದಲ ದಿನ ಆಕಳಿಸಿದರು. ಎರಡನೆಯ ದಿನ ತಲೆ ಕೆರೆದುಕೊಂಡರು. ಮೂರನೆಯ ದಿನ ಅಡುಗೆಯವನು ಉಗ್ರಾಣದ ಕತ್ತಲೆಯಲ್ಲಿ ಯಾರೋ ಉಸಿರಾಡುವುದನ್ನು ಕೇಳಿಸಿಕೊಳ್ಳುವ ಹೊತ್ತಿಗೆ ಗಂಟೆ ಹೊಡೆಯಿತು. ತರಗತಿಗೆ ತರಗತಿಯೇ "ಅಯ್ಯೋ!" ಎಂದಿತು. ವರ್ಕ್‌ಶಾಪಿಗೆ ಓಡಬೇಕಾದವರು ಬೆಂಚು ಬಿಟ್ಟು ಏಳಲಿಲ್ಲ.

"ಮೇಡಂ, ಯಾರದು ಒಳಗಿರೋದು?"

"ಶುಕ್ರವಾರ."

"ಮೇಡಂ, ಒಂದೇ ಒಂದು ಪುಟ!"

"ಶುಕ್ರವಾರ ಅಂದ್ನಲ್ಲ. ಪುಸ್ತಕ ವಾಪಸ್ ಕೊಡಿ. ಬಿ ವಿಭಾಗದವರಿಗೆ ಒಂದಕ್ಷರ ಹೇಳಿದ್ರೆ ನೋಡಿ, ನನ್ನ ಸಂಶೋಧನೆ ಮಣ್ಣುಪಾಲಾಗುತ್ತೆ."

ಆ ಮಾತು ಆಡಬಾರದಿತ್ತು. ಪುಸ್ತಕಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುವಾಗ ಅವಳಿಗೆ ಅದು ಹೊಳೆಯಲಿಲ್ಲ. ಆ ದಿನಗಳಲ್ಲಿ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಾಯಿ ಬಿಡದವರು ಬಾಯಿ ಬಿಡುತ್ತಿದ್ದರು. ವೆಲ್ಡಿಂಗ್ ಕಲಿಯುವವನೊಬ್ಬ ಕ್ಯಾಪ್ಟನ್ನನ ಮೇಲೆ ಸಿಟ್ಟಿಗೆದ್ದು, ಕ್ರಿಯಾಪದವನ್ನು ವಾಕ್ಯದಲ್ಲಿ ಎಲ್ಲಿಡಬೇಕೆಂದು ತಿಳಿಯದೆ ಎರಡು ಕಡೆ ಇಟ್ಟು, ಇಂಗ್ಲಿಷಿನಲ್ಲೇ ಬೈದಿದ್ದ. ಮನೆಗೆ ಹೋಗಿ ಅತ್ತೆಗೆ ಅದನ್ನೆಲ್ಲ ಅಭಿನಯಿಸಿ ತೋರಿಸಿದಳು. ಅತ್ತೆಯೂ ಅಡುಗೆಯವನ ಕಡೆಯೇ. "ಆ ಕ್ಯಾಪ್ಟನ್ ಒಂದಿನ ಅಡುಗೆ ಮಾಡ್ಲಿ, ಗೊತ್ತಾಗುತ್ತೆ" ಎಂದರು.

ನಡುವಿನ ಪರೀಕ್ಷೆ ಬಂತು, ಬೇರೆ ಕಾಲೇಜಿನವರು ತಿದ್ದಿ ಕಳಿಸಿದರು. ಎ ವಿಭಾಗದ ಅಂಕಗಳನ್ನು ಮೊದಲು ನೋಡಿದಳು. ಚೆಂದವಾಗಿ ಏರಿದ್ದವು! ಸ್ಟಾಫ್ ರೂಮಿನಲ್ಲಿ ನಿಂತಲ್ಲೇ ಒಂದು ಸುತ್ತು ತಿರುಗಿದಳು. ಆಮೇಲೆ ಬಿ ವಿಭಾಗದ ಹಾಳೆ ತಿರುವಿದಳು. ಅವೂ ಏರಿದ್ದವು. ಸ್ವಲ್ಪವಲ್ಲ, ಹೆಚ್ಚುಕಡಿಮೆ ಅಷ್ಟೇ. ಫುಲ್‌ಸ್ಟಾಪ್ ಮೇಷ್ಟ್ರ ಜೀವಮಾನದಲ್ಲೇ ಅವರ ಯಾವ ವಿಭಾಗವೂ ನಾಲ್ಕು ತಿಂಗಳಲ್ಲಿ ಹಾಗೆ ಏರಿರಲಿಲ್ಲ.

ಮೇಷ್ಟ್ರು ಇಡೀ ಸ್ಟಾಫ್ ರೂಮಿಗೆ ಚಹಾ ತರಿಸಿದರು. ಅವರು ಹಾಗೆ ತರಿಸಿದ್ದನ್ನು ಕಂಡವರೇ ಇರಲಿಲ್ಲ. "ಅಭ್ಯಾಸ ಮೇಡಂ, ಅಭ್ಯಾಸ. ಫುಲ್‌ಸ್ಟಾಪ್" ಎಂದು ಅವಳ ಕೈಗೇ ಲೋಟ ಕೊಟ್ಟರು. ಕುಹಕವಿಲ್ಲದ ಸಂತೋಷ ಅದು, ಅದಕ್ಕೇ ಅವಳು ಲೋಟವನ್ನು ಹಾಗೇ ಮೇಜಿನ ಮೇಲಿಟ್ಟಳು.

ಪ್ರೊಫೆಸರಮ್ಮ ಫೋನಿನಲ್ಲಿ ಕೇಳಿಸಿಕೊಂಡು, "ವ್ಯತ್ಯಾಸ ಇಲ್ಲ ಅನ್ನೋದೂ ಫಲಿತಾಂಶವೇ. ಹಾಗೇ ಬರಿ" ಎಂದರು. ಬರೆದರೆ ಸಮಿತಿಗೆ ಅಷ್ಟೇ ಸಾಕು, ಕಥೆಗೆ ಬಾಗಿಲು ಮುಚ್ಚಿತು. ಗಂಡ ಸಂಜೆ ಅವಳ ಮುಖ ನೋಡಿ, ಏನೂ ಕೇಳದೆ, ಮೇಜಿನ ಮೇಲಿನ ಪುಸ್ತಕ ಹಾಳೆಗಳನ್ನು ತಾನೇ ಒಪ್ಪವಾಗಿ ಜೋಡಿಸಿದ. "ಫ್ರಿಜ್ ತಣ್ಣಗಾಗ್ತಿಲ್ಲ ಅಂತ ಬರ್ತಾರೆ. ನಾನು ಮೀಟರ್ ನಂಬಲ್ಲ, ಬಾಗಿಲು ತೆಗೆದು ಒಳಗೆ ಕೈಯಿಟ್ಟು ನೋಡ್ತೀನಿ" ಎಂದ. ಸಮಾಧಾನಕ್ಕೆ ಹೇಳಿದ್ದೋ ಹಾಗೇ ಸುಮ್ಮನೆ ಹೇಳಿದ್ದೋ ಗೊತ್ತಾಗಲಿಲ್ಲ. ಆದರೆ ಮರುದಿನ ಅವಳು ಬಿ ವಿಭಾಗದ ಉತ್ತರಪತ್ರಿಕೆಗಳ ಕಟ್ಟನ್ನೇ ಮನೆಗೆ ತಂದಳು.

ಭಾನುವಾರ ಬೆಳಗ್ಗೆ ಕೂತು ಓದತೊಡಗಿದಳು. ಪರೀಕ್ಷೆಯಲ್ಲಿ ಒಂದು ಪ್ರಬಂಧವಿತ್ತು: ‘ನಾನು ಮೆಚ್ಚುವ ವ್ಯಕ್ತಿ’. ಮೊದಲನೆಯವನು ಅಪ್ಪನ ಬಗ್ಗೆ ಬರೆದಿದ್ದ. ಎರಡನೆಯವಳು ಅಜ್ಜಿಯ ಬಗ್ಗೆ. ಮೂರನೆಯವನು ಬರೆದಿದ್ದ: ‘ನಾನು ಮೆಚ್ಚುವ ವ್ಯಕ್ತಿ ಒಬ್ಬ ಅಡುಗೆಯವನು. ಅವನ ಮಾತನ್ನು ಯಾರೂ ನಂಬುವುದಿಲ್ಲ. ಆದರೂ ಅವನು ಪ್ರತಿದಿನ ಒಂದು ತಟ್ಟೆ ಹೆಚ್ಚು ಇಡುತ್ತಾನೆ.’

ಅವಳು ಇನ್ನೊಮ್ಮೆ ಓದಿದಳು. ಮುಂದಿನ ಹಾಳೆಗಳನ್ನು ಪಟಪಟನೆ ತಿರುವಿದಳು. ಇನ್ನೊಬ್ಬಳ ಅಣ್ಣ ‘ಹಡಗಿನ ಅಡುಗೆಯವನಂತೆ ತಾಳ್ಮೆಯುಳ್ಳವನು’. ಮತ್ತೊಬ್ಬ ತನ್ನ ಹಾಸ್ಟೆಲ್ ಕೋಣೆಯನ್ನು ವರ್ಣಿಸಲು ಉಗ್ರಾಣ ಎಂಬುದಕ್ಕೆ ಹಡಗಿನವರು ಬಳಸುವ ಇಂಗ್ಲಿಷ್ ಪದವನ್ನೇ ಬಳಸಿದ್ದ. ಫುಲ್‌ಸ್ಟಾಪ್ ಮೇಷ್ಟ್ರ ಅಭ್ಯಾಸಪುಸ್ತಕದಲ್ಲಿ ಹಡಗು ಹೋಗಲಿ, ಒಂದು ದೋಣಿಯೂ ಇರಲಿಲ್ಲ.

"ಕಳ್ಳರು!" ಎಂದು ಕೂಗಿ ಎದ್ದಳು. "ಕಳ್ಳರು, ಕಳ್ಳರು, ಎಲ್ಲಾ ಕಳ್ಳರು!"

ಅತ್ತೆ ಸೌಟು ಹಿಡಿದೇ ಓಡಿಬಂದರು. "ಎಲ್ಲಿ? ಏನು ಹೋಯ್ತೇ?"

"ಏನೂ ಹೋಗಿಲ್ಲ ಅತ್ತೆ! ಬಂದಿದೆ!" ಎಂದು ಸೌಟಿನ ಸಮೇತ ಅವರನ್ನು ತಬ್ಬಿಕೊಂಡಳು.

ಅಡುಗೆಯವನನ್ನು ಮೆಚ್ಚಿದವನ ಅಡ್ಡಹೆಸರು ಫ್ಯೂಸ್. ಮೋಟರ್ ರಿಪೇರಿ ಕಲಿಯುವವನು, ಯಾವುದಕ್ಕೂ ತಟ್ಟನೆ ಹಾರಿಬೀಳುವ ಸ್ವಭಾವ. ಸೋಮವಾರ ಗಂಟೆ ಹೊಡೆಯುವ ಮುಂಚೆಯೇ ಅವಳು ಅವನನ್ನು ವರಾಂಡದಲ್ಲಿ ಹಿಡಿದಳು.

"ನೀನು ಮೆಚ್ಚೋ ಅಡುಗೆಯವರು ಯಾವ ಹೋಟೆಲಿನವರಪ್ಪ?"

ಫ್ಯೂಸ್‌ನ ಮುಖದ ನೀರಿಳಿಯಿತು. "ನಮ್ಮ... ನಮ್ಮ ಚಿಕ್ಕಪ್ಪ ಮೇಡಂ."

"ಆಮೇಲೆ?"

"ಹಡಗಲ್ಲಿದ್ದಾರೆ."

"ಆಮೇಲೆ?"

ಮೂರನೆಯ ‘ಆಮೇಲೆ’ಗೆ ಅವನು ಕೈಚೆಲ್ಲಿದ. ಜೇಬಿನಿಂದ ಫೋನ್ ತೆಗೆದು ಅವಳ ಕೈಗಿಟ್ಟು, ಏಟು ಬೀಳುವುದೇನೋ ಎಂಬಂತೆ ಕಣ್ಣು ಮುಚ್ಚಿಕೊಂಡ.

ಫೋನಿನಲ್ಲಿ ಒಂದು ಗುಂಪಿತ್ತು, ಹೆಸರು ‘ಹಡಗು’. ಬಿ ವಿಭಾಗದವರೆಲ್ಲರೂ ಅದರಲ್ಲಿದ್ದರು. ಪುಸ್ತಕದ ಪುಟಗಳ ಫೋಟೋಗಳು ಅದರ ತುಂಬ. ಎ ವಿಭಾಗದಲ್ಲಿ ಯಾರೋ ಡೆಸ್ಕಿನ ಕೆಳಗೆ, ಎಡಗೈಯಲ್ಲಿ ಪುಸ್ತಕ ಅದುಮಿ ಹಿಡಿದು, ಬಲಗೈಯಲ್ಲಿ ಅವಸರವಾಗಿ ತೆಗೆದವು. ಸೊಟ್ಟ, ಮಬ್ಬು. ಮತ್ತು ಪ್ರತಿಯೊಂದು ಫೋಟೋದಲ್ಲೂ ಪುಟದ ಅಂಚಿನ ಮೇಲೆ ಒಂದು ದಪ್ಪ ಹೆಬ್ಬೆರಳು. ಬೆರಳಿಗೆ ಬಿಳಿ ಪಟ್ಟಿ. ಆ ಪಟ್ಟಿ ಅವಳಿಗೆ ಗೊತ್ತಿತ್ತು. ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಂಡ, ಮೂರನೆಯ ಬೆಂಚಿನ ಉದ್ದನೆಯ ಹುಡುಗಿ. ತರಗತಿಯಲ್ಲಿ ತುಟಿ ಪಿಟಕ್ಕೆನ್ನದವಳು!

"ಬೆರಳಿನ ಕೆಳಗೆ ಪದಗಳು ಮುಚ್ಚಿಹೋಗಿವೆಯಲ್ಲೋ. ಹೇಗೆ ಓದಿದ್ರಿ?"

ಫ್ಯೂಸ್ ಒಂದು ಕಣ್ಣು ತೆರೆದ. "ಅದೇ ಮೇಡಂ ಜಗಳ."

"ಯಾವ ಜಗಳ?"

"ಕೆಳಗೆ ನೋಡಿ."

ಅವಳು ನೋಡಿದಳು. ಫೋಟೋದ ಕೆಳಗೆ ಮಾತಿನ ಮಳೆಯೇ ಸುರಿದಿತ್ತು. ಅಡುಗೆಯವನು ಉಗ್ರಾಣಕ್ಕೆ ಇಳಿದಾಗ ಬಾಗಿಲಿಗೆ ಬೀಗ ಹಾಕಿತ್ತು ಎನ್ನುವ ವಾಕ್ಯ. ಹೆಬ್ಬೆರಳು ಕೂತದ್ದು ಸರಿಯಾಗಿ ಕ್ರಿಯಾಪದದ ಮೇಲೆ. ‘ವಾಸ್ ಲಾಕ್ಡ್’ ಎಂದು ಒಂದು ಗುಂಪು, ‘ಹ್ಯಾಡ್ ಬೀನ್ ಲಾಕ್ಡ್’ ಎಂದು ಇನ್ನೊಂದು. ‘ವಾಸ್’ ಆದರೆ ಬಾಗಿಲು ಮಾಮೂಲಿಯಾಗಿ ಮುಚ್ಚಿತ್ತು, ಅಷ್ಟೇ. ‘ಹ್ಯಾಡ್ ಬೀನ್’ ಆದರೆ ಅವನು ಇಳಿಯುವ ಮುಂಚೆಯೇ ಯಾರೋ ಬೇಕೆಂದು ಮುಚ್ಚಿದ್ದಾರೆ, ಹಾಗಾದರೆ ಅಡುಗೆಯವನ ಮಾತು ನಿಜ! ‘ಫುಲ್‌ಸ್ಟಾಪ್ ಸರ್ ಮಂಗಳವಾರ ಹೇಳಿಲ್ವಾ, ಎರಡು ಕೆಲಸದಲ್ಲಿ ಮೊದಲು ಆಗಿದ್ದಕ್ಕೆ ಹ್ಯಾಡ್ ಬರುತ್ತೆ ಅಂತ?’ ಎಂದು ಒಬ್ಬಳು ಬರೆದಿದ್ದಳು. ‘ಬೆರಳಿನ ಅಗಲ ಅಳೆಯಿರಿ, ಎರಡು ಪದ ಹಿಡಿಸುತ್ತೆ’ ಎಂದು ಒಬ್ಬ. ಇನ್ನೊಂದು ಕಡೆ ಅಡಗಿರುವ ವ್ಯಕ್ತಿಯನ್ನು ಸೂಚಿಸುವ ಸರ್ವನಾಮವೇ ಬೆರಳಿನಡಿ. ಅಡಗಿರುವುದು ಗಂಡೋ ಹೆಣ್ಣೋ ಎಂದು ಒಂದು ವಾರ ಯುದ್ಧ ನಡೆದಿತ್ತು. ಮಾತೆಲ್ಲ ಅರ್ಧ ಇಂಗ್ಲಿಷ್, ಮುಂದೆ ಮುಂದೆ ಮುಕ್ಕಾಲು. ವಾಕ್ಯದ ಒಳಗೇ ನಿಂತು ವಾದ ಮಾಡಬೇಕಾದಾಗ ಬೇರೆ ದಾರಿಯಿರಲಿಲ್ಲ.

ಬಿಟ್ಟ ಸ್ಥಳ ತುಂಬಿಸಿ! ಮೇಷ್ಟ್ರು ಇಷ್ಟು ವರ್ಷ ಮಾಡಿಸಿ, ಹುಡುಗರು ನಿದ್ದೆಯಲ್ಲೂ ಶಪಿಸುತ್ತಿದ್ದ ಅದೇ ಅಭ್ಯಾಸ. ಇಲ್ಲಿ ಅದನ್ನೇ ಯಾರೂ ಹೇಳದೆ, ಯಾರೂ ಅಂಕ ಕೊಡದೆ, ಜಗಳವಾಡಿ ಮಾಡಿದ್ದರು.

"ಮೇಡಂ, ಸಸ್ಪೆಂಡ್ ಮಾಡ್ತೀರಾ?" ಎಂದ ಫ್ಯೂಸ್.

"ಸಸ್ಪೆಂಡಾ? ನಿನ್ನನ್ನ ಹೊತ್ಕೊಂಡು ಮೆರವಣಿಗೆ ಮಾಡ್ಬೇಕು ಕಣೋ!"

ಆದರೆ ಮೊದಲು ಮೇಷ್ಟ್ರಿಗೆ ಹೇಳಬೇಕಿತ್ತು. ಅದು ಅಷ್ಟು ಸುಲಭವಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವಳು ಹೇಳುತ್ತಾ ಹೋದಂತೆ ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ಅಂದ್ರೆ ಆ ಅಂಕಗಳು ನನ್ನದಲ್ಲ" ಎಂದರು ಕೊನೆಗೆ. ದನಿ ಸಣ್ಣಗಾಗಿತ್ತು. "ಚಹಾ ಬೇರೆ ಕುಡಿಸಿಬಿಟ್ಟೆ."

"ಮೊದಲು ಇದನ್ನ ಓದಿ ಮೇಷ್ಟ್ರೇ." ಫ್ಯೂಸ್‌ನ ಒಪ್ಪಿಗೆಯಿಂದ ತಂದ ಫೋನನ್ನು ಅವರ ಮುಂದಿಟ್ಟಳು.

ಅವರು ಓದಿದರು. ಹುಬ್ಬು ಗಂಟಿಕ್ಕಿತು, ಸಡಿಲವಾಯಿತು. ತಮ್ಮ ಹೆಸರು ಬಂದ ಕಡೆ, ಆ ಮಂಗಳವಾರದ ಮಾತು ಬಂದ ಕಡೆ, ಬೆರಳು ನಿಂತಿತು. "ಇವಳು ಕೊನೆ ಬೆಂಚಲ್ಲಿ ನಿದ್ದೆ ಮಾಡ್ತಾಳೆ ಅಂದ್ಕೊಂಡಿದ್ದೆ" ಎಂದರು. ಇನ್ನಷ್ಟು ಕೆಳಗೆ ಹೋದರು. ಒಮ್ಮೆಲೇ ಕುರ್ಚಿ ಹಿಂದಕ್ಕೆ ತಳ್ಳಿ, "ತಪ್ಪು! ತಪ್ಪು ಇವನು ಹೇಳಿರೋದು. ಇಲ್ಲಿ ಹೆಣ್ಣೇ ಆಗಬೇಕು. ಮುಂದಿನ ಸಾಲು ನೋಡಿ, ಅಲ್ಲಿ ಕಥೆ ಬರೆದವನು ಸುಳಿವು ಬಿಟ್ಟಿದ್ದಾನೆ!" ಎಂದು ಎದ್ದೇ ನಿಂತರು.

"ಪುಸ್ತಕ ನನ್ನ ಬ್ಯಾಗಲ್ಲೇ ಇದೆ, ತೆಗೆದು ತೋರಿಸ್ಲಾ?"

"ಬೇಡ!" ಮೇಷ್ಟ್ರು ಎರಡೂ ಕೈ ಮುಂದೆ ಚಾಚಿದರು. "ಹೇಳ್ಬೇಡಿ ಮೇಡಂ, ದಯವಿಟ್ಟು. ನಾನೇ ಕಂಡುಹಿಡೀತೀನಿ." ಆಚೆ ಮೇಜಿನ ಗಣಿತದವರು ತಿದ್ದುವುದನ್ನು ಬಿಟ್ಟು ಬಾಯಿ ತೆರೆದು ನೋಡುತ್ತಿದ್ದರು.

ಆ ಮಧ್ಯಾಹ್ನ ಇಬ್ಬರೂ ಜೊತೆಯಾಗಿ ಬಿ ವಿಭಾಗಕ್ಕೆ ಹೋದರು. ಇಬ್ಬರು ಒಟ್ಟಿಗೆ ಬಂದದ್ದನ್ನು ಕಂಡೇ ತರಗತಿ ಕಲ್ಲಾಯಿತು. ಅವಳು ನೇರವಾಗಿ ಹೇಳಿದಳು: ಯಾರಿಗೂ ಶಿಕ್ಷೆ ಇಲ್ಲ, ಆ ಗುಂಪಿನ ಮಾತುಕತೆ ನನ್ನ ಸಂಶೋಧನೆಗೆ ಬೇಕು, ಹೆಸರು ಎಲ್ಲೂ ಬರುವುದಿಲ್ಲ, ಬೇಡವೆನ್ನುವವರು ಬೇಡವೆನ್ನಬಹುದು. ಗುಸುಗುಸು ಎದ್ದಿತು. ನಿದ್ದೆಯ ಹುಡುಗಿ ಎಂದು ಮೇಷ್ಟ್ರು ತಿಳಿದಿದ್ದವಳೇ ಎದ್ದು ನಿಂತಳು.

"ಕೊಡ್ತೀವಿ ಮೇಡಂ. ಆದ್ರೆ ಒಂದು ಷರತ್ತು."

"ಏನು?"

"ಕೊನೇ ಅಧ್ಯಾಯದ ಫೋಟೋ ಸರಿಯಾಗಿ ಬರ್ಬೇಕು ಅಂತ ಆ ಹೆಬ್ಬೆರಳಿನವಳಿಗೆ ಹೇಳಿ."

ತರಗತಿ ಹೊಟ್ಟೆ ಹಿಡಿದು ನಕ್ಕಿತು. ಆ ಷರತ್ತನ್ನು ಒಪ್ಪಲಾಗದು ಎಂದವರು ಫುಲ್‌ಸ್ಟಾಪ್ ಮೇಷ್ಟ್ರು. "ಸರಿಯಾಗಿ ಬಂದ್ರೆ ಮಜಾ ಏನಿದೆ? ನಾನೂ ಈಗ ತಾನೇ ಶುರು ಮಾಡಿದ್ದೀನಿ" ಎಂದರು.

ಪ್ರೊಫೆಸರಮ್ಮನ ಎದುರಿಗೆ ಮಾತ್ರ ನಗು ಇರಲಿಲ್ಲ. ಅವರು ಕಿತ್ತಳೆ ಸುಲಿಯುತ್ತಾ ಪೂರ್ತಿ ಕೇಳಿಸಿಕೊಂಡರು. "ಗೋಡೆ ಇರ್ಬೇಕು ಅಂದಿದ್ದೆ. ಗೋಡೇನೇ ಎದ್ದು ನಡೆದುಬಿಟ್ಟಿದೆ. ಪ್ರಯೋಗ ಸತ್ತಿದೆ ಕಣಮ್ಮ."

"ಸತ್ತಿದೆ ಮೇಡಂ, ಒಪ್ತೀನಿ. ಆದ್ರೆ ಯಾಕೆ ಸತ್ತಿತು ನೋಡಿ! ನಾನು ಕೇಳಿದ್ದು ಕಥೆ ಒಳ್ಳೇದಾ, ವ್ಯಾಕರಣ ಒಳ್ಳೇದಾ ಅಂತ. ಹುಡುಗರು ಆ ಪ್ರಶ್ನೆಯನ್ನೇ ಒಪ್ಪಲಿಲ್ಲ. ಕಥೆ ತಿಳ್ಕೊಳ್ಳೋ ಹಟಕ್ಕೆ ವ್ಯಾಕರಣ ಹುಡುಕ್ಕೊಂಡು ಹೋದ್ರು. ಕಥೆ ಇಲ್ದಿದ್ರೆ ಆ ‘ಹ್ಯಾಡ್ ಬೀನ್’ ಯಾರಿಗೆ ಬೇಕಿತ್ತು? ಮೇಷ್ಟ್ರು ಇಲ್ದಿದ್ರೆ ಅದು ಯಾರಿಗೆ ಗೊತ್ತಾಗ್ತಿತ್ತು? ನಾನು ಬೇರೆ ಪ್ರಶ್ನೆ ಕೇಳ್ಬೇಕು ಮೇಡಂ. ಓದೋರಿಗೆ ಏನೋ ಸಿಗದೇ ಹೋದಾಗ, ಅದನ್ನ ಹಿಡಿಯೋಕೆ ಭಾಷೇಲಿ ಏನೇನು ಮಾಡ್ತಾರೆ?"

ಒಂದೇ ಉಸಿರಿಗೆ ಹೇಳಿದ್ದರಿಂದ ಅವಳಿಗೆ ಏದುಸಿರು ಬಂತು. ಪ್ರೊಫೆಸರಮ್ಮ ಒಂದು ತೊಳೆ ಬಾಯಿಗಿಟ್ಟು, ಬಹಳ ಹೊತ್ತು ಅಗಿದರು.

"ಎರಡು ವರ್ಷ ಹೆಚ್ಚಾಗುತ್ತೆ. ಎಲ್ಲಾ ಮೊದಲಿಂದ."

"ಆಗ್ಲಿ."

"ನಿನ್ನ ಸಮಿತಿಗೆ ಸುಳ್ಳು ಹೇಳೋ ಹಾಗಿಲ್ಲ. ಪ್ರಯೋಗ ಕೆಟ್ಟಿತು ಅಂತಲೇ ಹೇಳ್ಬೇಕು."

"ಹೇಳ್ತೀನಿ."

ಅವರು ಉಳಿದ ಅರ್ಧ ಕಿತ್ತಳೆಯನ್ನು ಅವಳ ಕಡೆ ಚಾಚಿದರು. "ಹೆಣ್ಣಾ ಗಂಡಾ ಒಳಗಿದ್ದದ್ದು?" ಎಂದರು, ಕಿಟಕಿಯ ಕಡೆ ನೋಡುತ್ತಾ.

ವರ್ಷದ ಕೊನೆಯ ಸಭೆಯಲ್ಲಿ ಅವಳು ಹಾಗೇ ಹೇಳಿದಳು. ನನ್ನ ಪ್ರಯೋಗ ಕೆಟ್ಟಿದೆ, ಈ ಅಂಕಿಗಳಿಂದ ಕಥೆ ಗೆದ್ದಿತೆಂದು ಹೇಳಲು ಬರುವುದಿಲ್ಲ. ಉದ್ದ ಮೇಜಿನ ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ಫೈಲು ಮುಚ್ಚಲು ಕೈ ಹಾಕಿದರು. ಆಗ ಫುಲ್‌ಸ್ಟಾಪ್ ಮೇಷ್ಟ್ರು ಎದ್ದು, ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, ಕ್ರಿಯಾಪದದ ಜಾಗದಲ್ಲಿ ತಮ್ಮ ಹೆಬ್ಬೆರಳನ್ನೇ ಒತ್ತಿ ನಿಂತರು. ಅಡುಗೆಯವನ ಕಷ್ಟವನ್ನು ನಾಲ್ಕು ಮಾತಿನಲ್ಲಿ ಹೇಳಿದರು. "ಈಗ ನೀವು ಹೇಳಿ, ಬಾಗಿಲು ತಾನಾಗಿ ಮುಚ್ಚಿತ್ತಾ, ಯಾರಾದರೂ ಮುಚ್ಚಿದ್ರಾ?"

ಯಂತ್ರಶಾಸ್ತ್ರದ ಮುಖ್ಯಸ್ಥರು ‘ವಾಸ್’ ಎಂದರು. ಲೆಕ್ಕಪತ್ರದವರು ಸಾಧ್ಯವೇ ಇಲ್ಲವೆಂದರು. ಮಾತಿಗೆ ಮಾತು ಬೆಳೆಯಿತು. ಅಧ್ಯಕ್ಷರು ಬಾಯಿ ಮುಚ್ಚಿಸಲು ಮೇಜು ಬಡಿದು, ಬಡಿದಾದ ಮೇಲೆ ತಾವೇ, "ಅಲ್ಲ, ಕ್ಯಾಪ್ಟನ್ ಹತ್ರ ಬೀಗದ ಕೈ ಇರ್ಲಿಲ್ವಾ?" ಎಂದರು. ಆಮೇಲೆ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಮಿತಿಯ ಮನಸ್ಸು ಪೂರ್ತಿ ಕರಗಲಿಲ್ಲ. ಕವಿತೆ ಹೋಯಿತು, ನಾಟಕ ಹೋಯಿತು. ಅದಕ್ಕೆ ಅವಳು ಮನೆಯಲ್ಲಿ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಆದರೆ ಒಂದು ಕಾದಂಬರಿ ಉಳಿಯಿತು, ಪ್ರಯೋಗಕ್ಕೆಂದು, ಇಬ್ಬರು ಅಧ್ಯಾಪಕರೂ ಒಟ್ಟಿಗೆ ಕಲಿಸಬೇಕೆಂಬ ಷರತ್ತಿನ ಮೇಲೆ. ಮುಂದಿನ ವರ್ಷಗಳಲ್ಲಿ ಅವರಿಬ್ಬರೂ ಒಂದೇ ತರಗತಿಗೆ ಹೋದರು. ಯಾವ ಪದ ಮುಚ್ಚಬೇಕೆಂಬುದರ ಮೇಲೆ ದಿನವೂ ಜಗಳ. ಮೇಷ್ಟ್ರಿಗೆ ಕ್ರಿಯಾಪದದ ಮೇಲೆ ಕಣ್ಣು, ಅವಳಿಗೆ ಕಥೆ ತಿರುಗುವ ಜಾಗದ ಮೇಲೆ. ಎರಡೂ ಒಂದೇ ಕಡೆ ಬಂದ ದಿನ ಇಬ್ಬರೂ ಮಕ್ಕಳ ಹಾಗೆ ಕೈ ತಟ್ಟಿಕೊಳ್ಳುತ್ತಿದ್ದರು. ಎಲ್ಲ ಪುಸ್ತಕಗಳೂ ನಡೆಯಲಿಲ್ಲ. ಒಂದು ವರ್ಷ ಆರಿಸಿದ ಪ್ರೇಮಕಥೆ ಮುಗ್ಗರಿಸಿತು. ಮುಚ್ಚಿದ್ದನ್ನು ತಿಳಿಯುವ ಆಸೆ ಯಾರಿಗೂ ಹುಟ್ಟಲಿಲ್ಲ. ಅವಳು ಅದನ್ನೂ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಬರೆದಳು.

ಅಂತೂ ಆ ಪ್ರಬಂಧ ಮುಗಿದು ಮೌಖಿಕ ಪರೀಕ್ಷೆಯ ದಿನ ಬಂತು. ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಯಾರು ಬೇಕಾದರೂ ಕೂತು ನೋಡಬಹುದಿತ್ತು. ಗಂಡ ಅಂಗಡಿಗೆ ಬೀಗ ಹಾಕಿ, ಕೈಗೆ ಹತ್ತಿದ ಗ್ರೀಸನ್ನು ಸರಿಯಾಗಿ ತೊಳೆಯದೆ ಬಂದಿದ್ದ. ಪಕ್ಕದಲ್ಲಿ ಅತ್ತೆ, ಹೊಸ ಸೀರೆಯಲ್ಲಿ. ಇಂಗ್ಲಿಷಿನ ಒಂದಕ್ಷರವೂ ಬಾರದ ಅವರನ್ನು ಫುಲ್‌ಸ್ಟಾಪ್ ಮೇಷ್ಟ್ರು ತಮ್ಮ ಪಕ್ಕ ಕೂರಿಸಿಕೊಂಡಿದ್ದರು. ಹಿಂದಿನ ಸಾಲಿನಲ್ಲಿ ಫ್ಯೂಸ್ ಮತ್ತು ಅವನ ಗುಂಪು. ಅವರಿಗೆ ಆಗಲೇ ಕೆಲಸ ಸಿಕ್ಕಿತ್ತು, ರಜೆ ಹಾಕಿ ಬಂದಿದ್ದರು.

ಹೊರಗಿನಿಂದ ಬಂದ ಪರೀಕ್ಷಕರು ಕಟ್ಟುನಿಟ್ಟಿನ ಮನುಷ್ಯ. ಪುಟ ತಿರುವಿ ತಿರುವಿ ಪ್ರಶ್ನೆ ಎಸೆದರು. ಅವಳ ದನಿ ಉತ್ತರದಿಂದ ಉತ್ತರಕ್ಕೆ ಏರಿತು. ಮೈಕನ್ನು ಯಾರೋ ಮೆಲ್ಲಗೆ ದೂರ ಸರಿಸಬೇಕಾಯಿತು.

"ಏನಂತೆ?" ಎಂದು ಅತ್ತೆ ಮೇಷ್ಟ್ರ ತೋಳು ಜಗ್ಗಿದರು.

"ಮೊದಲನೇ ಪ್ರಯೋಗ ಕೆಟ್ಟಿದ್ದನ್ನ ಪ್ರಬಂಧದ ಶುರುವಿನಲ್ಲೇ ಯಾಕೆ ಹಾಕಿದೆ ಅಂತ ಕೇಳ್ತಿದ್ದಾರೆ."

"ಇವಳೇನಂದ್ಲು?"

"ಕೆಟ್ಟಿದ್ದರಿಂದಲೇ ಗೊತ್ತಾಗಿದ್ದು, ಅದನ್ನ ಮುಚ್ಚಿಟ್ಟರೆ ಉಳಿದಿದ್ದೆಲ್ಲ ಸುಳ್ಳಾಗುತ್ತೆ ಅಂತ."

"ಗೆಲ್ತಿದ್ದಾಳಾ?"

ಮೇಷ್ಟ್ರು ಪರೀಕ್ಷಕರ ಮುಖವನ್ನೇ ನೋಡುತ್ತಿದ್ದರು. ಪರೀಕ್ಷಕರು ಕನ್ನಡಕವನ್ನು ಹಣೆಗೇರಿಸಿ, ಪುಸ್ತಕದಂಥ ಆ ದಪ್ಪ ಪ್ರಬಂಧವನ್ನು ಪಕ್ಕಕ್ಕಿಟ್ಟು, ಅವಳ ಕಡೆ ಬಾಗಿ ಉಗ್ರಾಣದಲ್ಲಿದ್ದವರ ಬಗ್ಗೆ ಏನೋ ಮೆಲ್ಲಗೆ ಕೇಳಿದರು. ಅವಳು ನಕ್ಕಳು. ಅವರೂ ನಕ್ಕರು. ಪ್ರೊಫೆಸರಮ್ಮನಂಥ ಪ್ರೊಫೆಸರಮ್ಮನ ಮುಖವೇ ಅರಳಿತು.

"ಗೆದ್ಲು" ಎಂದರು ಮೇಷ್ಟ್ರು.

ಅಷ್ಟು ಸಾಕಾಯಿತು. ಅತ್ತೆ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಫ್ಯೂಸ್ ಹಾರಿ ಎದ್ದ, ಅವನ ಹಿಂದೆ ಇಡೀ ಸಾಲೇ ಎದ್ದಿತು. ವೇದಿಕೆಯ ಮೇಲೆ ಅವಳು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಗಂಡ ಅಮ್ಮನ ಸೆರಗು ಹಿಡಿದು, "ಅಮ್ಮ, ಕೂತ್ಕೋ. ಅವರಿನ್ನೂ ಫಲಿತಾಂಶ ಹೇಳಿಲ್ಲ" ಎಂದು ಪಿಸುಗುಟ್ಟಿದ.

"ಹೇಳ್ಲಿ ಬಿಡೋ" ಎಂದರು ಅತ್ತೆ, ಕೈ ನಿಲ್ಲಿಸದೆ. "ಅವರು ಹೇಳೋವರೆಗೂ ನಾವು ತಟ್ತಿರೋಣ."